ಕಟ್ಟದೆ ಉಳಿದ ವಿಮಾನಗಳು

ಆ ಶುಕ್ರವಾರ ಬೆಳಿಗ್ಗೆಯೂ ಎಲ್ಲ ಎಂದಿನಂತೆಯೇ ಆಯಿತು. ಗೇಟಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ಟು ತಂದೆ. ಅದರ ಮೂಲೆಯನ್ನು ಪೂರ್ತಿ ಕತ್ತರಿಸದೆ, ಅಂಚಿಗೆ ಅಂಟಿದಂತೆಯೇ ಬಿಟ್ಟು ಪಾತ್ರೆಗೆ ಸುರಿದೆ. ಆ ಪುಟ್ಟ ಚೂರು ಕಳಚಿಕೊಂಡರೆ ಸಿಂಕಿನ ಜಾಲರಿಗೆ ಹೋಗಿ ಕೂರುತ್ತದೆ, ಆಮೇಲೆ ಬಗ್ಗಿ ತೆಗೆಯುವವಳು ನಾನೇ. ಫಿಲ್ಟರಿನ ಮೇಲಿನ ಬಟ್ಟಲನ್ನು ಚಮಚದಿಂದ ತಟ್ಟಿದೆ. ಡಿಕಾಕ್ಷನ್ ಇಳಿಯುವುದು ತಡವಾದರೆ ಹಾಗೆ ತಟ್ಟುವುದು ಅಭ್ಯಾಸ. ತಟ್ಟಿದ್ದಕ್ಕೆ ಅದು ಬೇಗ ಇಳಿದದ್ದನ್ನು ನಾನು ಈವರೆಗೆ ಕಂಡಿಲ್ಲ. ಬಾಗಿಲಿಗೆ ನೀರು ಹಾಕಿ, ಮೊಣಕಾಲು ಒಪ್ಪುವಷ್ಟು ಚಿಕ್ಕ ರಂಗೋಲಿ ಎಳೆದೆ. ಹೂವಿನವಳು ಕಾಕಡದ ಮೊಳ ಅಳೆದು, ಅದಕ್ಕೊಂದು ಗೇಣು ಸೇರಿಸಿ, "ಶುಕ್ರವಾರ ಅಲ್ವ್ರಾ" ಎಂದು ಕೊಟ್ಟು ಹೋದಳು.

ನನ್ನ ಯಜಮಾನರಿಗೆ ಕಾಫಿಯನ್ನು ಹಿಡಿ ಇರುವ ದೊಡ್ಡ ಪಿಂಗಾಣಿ ಮಗ್ಗಿನಲ್ಲಿ ಕೊಟ್ಟೆ, ಮುಕ್ಕಾಲು ಭಾಗಕ್ಕಿಂತ ಮೇಲೆ ಬಾರದಂತೆ. ಮದುವೆಯಾದಾಗಿನಿಂದ ಅವರು ಕುಡಿದದ್ದು ಲೋಟ ದಬರಿಯಲ್ಲೇ. ಮೇಲಿನಿಂದ ಉದ್ದಕ್ಕೆ ಸುರಿದು ನೊರೆ ಎಬ್ಬಿಸದಿದ್ದರೆ ಅದು ಕಾಫಿಯೇ ಅಲ್ಲ ಎನ್ನುತ್ತಿದ್ದರು. ಈಚಿನ ವರ್ಷಗಳಲ್ಲಿ ಒಂದು ದಿನ ನಾನು ಮಗ್ಗಿನಲ್ಲಿ ಕೊಟ್ಟೆ, ಅವರು ತೆಗೆದುಕೊಂಡರು. ಅವರ ಬಲಗೈ ನಡುಗುತ್ತದೆ. ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಾಗ ಏನೂ ಇಲ್ಲ. ಏನನ್ನಾದರೂ ಹಿಡಿಯಲು ಹೋದಾಗ ಶುರುವಾಗುತ್ತದೆ. ಇದು ಭಯಪಡುವ ಕಾಯಿಲೆಯಲ್ಲ, ಕೆಲವು ಮನೆತನಗಳಲ್ಲಿ ಹೀಗೆ ಬರುತ್ತದೆ, ಪೂರ್ತಿ ಹೋಗುವುದೂ ಇಲ್ಲ ಎಂದರು ಡಾಕ್ಟರು. ಇವರು ಆವತ್ತು ಆಸ್ಪತ್ರೆಯಿಂದ ಹೊರಬಂದು, "ಭಯ ಇಲ್ವಂತಲ್ಲ" ಎಂದಷ್ಟೇ ಹೇಳಿ ಸ್ಕೂಟರಿನ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಬೀಗದ ಕೈಯನ್ನು ಕಿಂಡಿಗೆ ತೂರಿಸುವುದು ಅಂದಿನಿಂದ ನನ್ನ ಕೆಲಸ.

"ಹತ್ತು ಗಂಟೆಗೆ ಶುರು ಮಾಡ್ಬಿಡೋಣ ಕಣೇ" ಎಂದರು, ಪೇಪರಿನ ಹಿಂದಿನಿಂದ.

ಆ ವಾರವೆಲ್ಲ ಅವರು ದಿನಾ ಅದನ್ನೇ ಹೇಳಿದ್ದರು. ಆದರೆ ಇನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ತಾಯಿ ನಮ್ಮಲ್ಲಿಗೆ ಬರುವವರಿದ್ದರು, ಇರುವುದಕ್ಕೇ. ಸಿದ್ಧಾರ್ಥನಗರದಲ್ಲಿ ನನ್ನ ತಮ್ಮನ ಮನೆಯಿರುವುದು ಎರಡನೆಯ ಮಹಡಿಯಲ್ಲಿ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅಮ್ಮನಿಗೆ ಮೆಟ್ಟಿಲು ಕೂಡದು ಎಂದಾಗಿತ್ತು. ಹಿನಕಲ್ ಕಡೆಯ ನಮ್ಮ ಮನೆಯಲ್ಲಿ ಮೇಲಿನ ಭಾಗ ಬಾಡಿಗೆಗಿದೆ, ಕೆಳಗೆ ನಮಗೆ ಎರಡೇ ಕೋಣೆ. ಒಂದರಲ್ಲಿ ನಾವಿದ್ದೇವೆ. ಇನ್ನೊಂದು, ಮಗಳು ಮದುವೆಯಾಗಿ ಹಾಸನಕ್ಕೆ ಹೋದ ಮೇಲೆ, ಡಬ್ಬಿಗಳ ಪಾಲಾಗಿದೆ.

ಡಬ್ಬಿಗಳು ಎಂದರೆ ವಿಮಾನಗಳ ಡಬ್ಬಿಗಳು. ರಟ್ಟಿನ ಮುಚ್ಚಳದ ಮೇಲೆ ಮೋಡ ಸೀಳಿಕೊಂಡು ಬರುತ್ತಿರುವ ವಿಮಾನದ ಚಿತ್ರ. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಅವಕ್ಕೆ, ಬಳ್ಳಿಗೆ ಕಾಯಿ ಅಂಟಿದ ಹಾಗೆ, ರೆಕ್ಕೆ, ಬಾಲ, ಚಕ್ರ, ಉಗುರಿನಷ್ಟಿರುವ ಚಾಲಕ. ಎಲ್ಲವನ್ನೂ ಬ್ಲೇಡಿನಿಂದ ಬಿಡಿಸಿ, ಅಂಚು ಉಜ್ಜಿ, ಅಂಟು ಹಾಕಿ, ಬಣ್ಣ ಬಳಿದರೆ ಅಂಗೈ ಮೇಲೆ ನಿಲ್ಲುವ ಒಂದು ವಿಮಾನ ಆಗುತ್ತದೆ. ಮಾಡಿದರೆ. ಆ ಕೋಣೆಯಲ್ಲಿ ಮಾಡದೆ ಉಳಿದವು ನೆಲದಿಂದ ಕಿಟಕಿಯ ಎತ್ತರಕ್ಕೂ, ಮಂಚದ ಕೆಳಗೂ, ಬೀರುವಿನ ತಲೆಯ ಮೇಲೂ ಇದ್ದವು. ಕಸ ಗುಡಿಸುವಾಗ ನಡುವಿನ ಓಣಿಯಲ್ಲಿ ಪೊರಕೆಯನ್ನು ಅಡ್ಡ ಹಿಡಿದುಕೊಂಡು ಹೋಗಬೇಕು.

ಅವರು ಕಟ್ಟುತ್ತಲೇ ಇರಲಿಲ್ಲ ಎಂದಲ್ಲ. ನಮ್ಮ ಮದುವೆಯಾದ ಹೊಸದರಲ್ಲಿ ಬಾಡಿಗೆ ಮನೆಯ ಹಜಾರದಲ್ಲಿ ಪೇಪರು ಹಾಸಿಕೊಂಡು ಕೂತರೆ ಊಟಕ್ಕೆ ಏಳಿಸುವುದೇ ಕಷ್ಟ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಇಂಡಿಯನ್ ಇಂಕಿನಲ್ಲಿ ಒಂದೇ ಉಸಿರಿಗೆ ಮಾರುದ್ದ ಗೆರೆ ಎಳೆಯುತ್ತಿದ್ದ ಕೈ. ಬೆಂಕಿಕಡ್ಡಿಯ ತುದಿಯಿಂದ ಅಂಟು ಸವರುತ್ತಿದ್ದರು. ಕೂದಲೆಳೆಯಂಥ ಕುಂಚದಿಂದ ಆ ಉಗುರಿನಷ್ಟು ಚಾಲಕನಿಗೆ ಹುಬ್ಬು ಬರೆದದ್ದನ್ನು ನಾನು ನೋಡಿದ್ದೇನೆ. ನಾನಾಗ ಹೊಸ ಹುಡುಗಿ, ಇವರ ಜೊತೆ ಏನು ಮಾತಾಡಬೇಕೆಂದೇ ತಿಳಿಯುತ್ತಿರಲಿಲ್ಲ. ವಿಮಾನದ ಹೊಟ್ಟೆಯ ಎರಡು ಹೋಳುಗಳನ್ನು ಜೋಡಿಸಿ, "ಇದನ್ನ ಹೀಗೇ ಅದುಮಿ ಹಿಡ್ಕೊ, ಒಣಗೋವರೆಗೂ ಬಿಡಬೇಡ" ಎಂದು ನನ್ನ ಕೈಗೆ ಕೊಡುತ್ತಿದ್ದರು. ಒಣಗುವವರೆಗೆ ಎದುರಿಗೆ ಕೂತಿರಬೇಕಲ್ಲ, ಆಗ ಮಾತು ಬಂತು. ನಾನು ಓದಿದ ಕಾನ್ವೆಂಟಿನ ಕಥೆ, ಅವರ ಅಣ್ಣಂದಿರ ಜಗಳ, ಇಬ್ಬರಿಗೂ ಬದನೆಕಾಯಿ ಸೇರುವುದಿಲ್ಲ ಎನ್ನುವುದು, ಎಲ್ಲ ಆ ಅಂಟು ಒಣಗುವ ಹೊತ್ತಿನಲ್ಲೇ ತಿಳಿದದ್ದು.

ಆಮೇಲೆ ಮಗಳು ಹುಟ್ಟಿದಳು. ಬ್ಲೇಡು, ಅಂಟು, ಬಣ್ಣದ ಪುಟ್ಟ ಡಬ್ಬಿಗಳೆಲ್ಲ ಕೈಗೆಟುಕದ ಎತ್ತರಕ್ಕೆ ಹೋದವು. ಮನೆ ಬದಲಾಯಿಸಿದಾಗಲೆಲ್ಲ ಕಟ್ಟಿದ್ದ ವಿಮಾನಗಳ ಒಂದೊಂದು ರೆಕ್ಕೆ ಮುರಿಯಿತು. ಟಿವಿಯ ಪಕ್ಕದಲ್ಲಿ ಈಗಲೂ ಒಂದು ಉಳಿದಿದೆ, ಒಂದು ಚಕ್ರ ಇಲ್ಲದ್ದು, ಸ್ವಲ್ಪ ವಾಲಿಕೊಂಡು. ಕಟ್ಟುವುದು ನಿಂತರೂ ಕೊಳ್ಳುವುದು ನಿಲ್ಲಲಿಲ್ಲ. "ರಿಟೈರ್ ಆದ್ಮೇಲೆ ಇದೇ ಕೆಲಸ" ಎನ್ನುತ್ತಿದ್ದರು. ಮೊದಮೊದಲು ಆಫೀಸಿನ ಚೀಲದಲ್ಲಿ ಮರೆಮಾಡಿ ತರುತ್ತಿದ್ದರು. ಚೀಲ ಚೌಕಾಕಾರವಾಗಿ ಉಬ್ಬಿದ್ದರೆ ನಾನು ಕೇಳದೆ ಸುಮ್ಮನಿರುತ್ತಿದ್ದೆ. ಆಮೇಲೆ ಕೊರಿಯರ್‌ನವರು ಬರತೊಡಗಿದರು, ಮರೆಮಾಡುವ ಶ್ರಮವೂ ತಪ್ಪಿತು.

"ಕಟ್ಟಿಲ್ಲದ್ದೇ ಇಷ್ಟಿರುವಾಗ ಇನ್ನೊಂದು ಯಾಕ್ರೀ?" ಎಂದು ಒಮ್ಮೆ ಕೇಳಿದ್ದೆ.

"ಇದನ್ನ ಮಾಡೋದು ನಿಲ್ಲಿಸ್ತಾರಂತೆ ಕಣೇ. ಈಗ ತಗೊಳ್ದಿದ್ರೆ ಮತ್ತೆ ಸಿಗಲ್ಲ."

ಅದು ಪ್ರತಿ ಡಬ್ಬಿಗೂ ಅನ್ವಯಿಸುವ ಮಾತಾಗಿತ್ತು. ವರ್ಷಗಟ್ಟಲೆ ನೋಡಿ ನನಗೆ ಅನ್ನಿಸಿದ್ದು ಬೇರೆ. ಪ್ರತಿ ಡಬ್ಬಿಯೊಳಗೂ ಒಂದು ಬಿಡುವಿನ ಮಧ್ಯಾಹ್ನ ಇರುತ್ತಿತ್ತು. ಯಾರೂ ಕರೆಯದ, ಕರೆಂಟು ಹೋಗದ, ಯಾವ ಮೇಲಧಿಕಾರಿಯ ಮುಖವೂ ನೆನಪಾಗದ ಮಧ್ಯಾಹ್ನ. ಅಂಥದ್ದು ಬರುವುದು ಎಷ್ಟು ತಡವಾದರೆ ಅವರು ಅಷ್ಟು ಹೆಚ್ಚು ಕೂಡಿಹಾಕಿದರು. ಕೊನೆಗೆ ನಿವೃತ್ತಿಯಾಯಿತು, ಮಧ್ಯಾಹ್ನಗಳು ರಾಶಿ ರಾಶಿಯಾಗಿ ಬಂದವು. ಆದರೆ ಕೈ ನಡುಕವೂ ಅವುಗಳ ಹಿಂದೆಯೇ ಬಂತು. ನಾನು ಗಮನಿಸಿದ ಇನ್ನೊಂದು ಸಂಗತಿಯಿದೆ: ನಡುಕ ಶುರುವಾದ ಮೇಲೆ ಅವರು ತರಿಸುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೊಸ ಡಬ್ಬಿ ಬಂದಾಗಲೆಲ್ಲ ಇನ್ನೂ ಕಟ್ಟುವವನು ಈ ಮನೆಯಲ್ಲಿದ್ದಾನೆ ಎಂದಾಗುತ್ತದಲ್ಲ. ಡಬ್ಬಿಗಳು ಹೊರಗೆ ಹೋದರೆ? ಅದಕ್ಕೇ ಆ ವಾರವೆಲ್ಲ "ನಾಳೆ, ನಾಳೆ" ಆದದ್ದು. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಮ್ಮ ಮಲಗುವುದಕ್ಕೆ ಮಂಚವೊಂದು ಬೇಕಲ್ಲ, ಏನು ಮಾಡುವುದು.

ಡಬ್ಬಿಗಳನ್ನು ಮಂಡಿ ಮೊಹಲ್ಲಾದ ಅವರ ಸ್ನೇಹಿತರ ಅಂಗಡಿಯ ಅಟ್ಟಕ್ಕೆ ಸಾಗಿಸುವುದು ಎಂದು ಮಾತಾಗಿತ್ತು. ಬಣ್ಣ, ಬೀಗ, ಮರ ಉಜ್ಜುವ ಉಪ್ಪುಕಾಗದ ಮಾರುವ ಅಂಗಡಿ ಅವರದು. ಹಿಂದೆ ಯಾವಾಗಲೋ ಇವರು ತೀರ ನುಣ್ಣನೆಯ ಉಪ್ಪುಕಾಗದ ಹುಡುಕಿಕೊಂಡು ಹೋಗಿ, ಯಾಕೆ ಬೇಕೆಂದು ಅವರು ಕೇಳಿ, ಅವರೂ ಇದೇ ಹುಚ್ಚಿನವರೆಂದು ಗೊತ್ತಾಗಿತ್ತು. ಅವರದು ಹಡಗು. ಇವರದು ಆಕಾಶ, ಅವರದು ನೀರು, ಎರಡೂ ನೆಲದ ಮೇಲೆ ಜಾಗ ತಿನ್ನುವಂಥವೇ ಎಂದು ನಾನು ಹೇಳುವುದಿತ್ತು. ನಮಾಜು ಮುಗಿಸಿ ಮಧ್ಯಾಹ್ನ ಅಂಗಡಿಯ ಗೂಡ್ಸ್ ಆಟೊ ತರುತ್ತೇನೆ, ಎಲ್ಲ ಹಜಾರಕ್ಕೆ ತಂದಿಟ್ಟಿರಿ ಎಂದಿದ್ದರು.

ಹತ್ತಕ್ಕೆ ಶುರುವಾದದ್ದು ನಿಜ. ಆದರೆ ಇವರು ಮೊದಲ ಡಬ್ಬಿಯನ್ನು ಎತ್ತಿ ಹಜಾರಕ್ಕೆ ತರುವ ಬದಲು ಅಲ್ಲೇ ಮಂಚದ ತುದಿಯಲ್ಲಿ ಕೂತು ಮುಚ್ಚಳ ತೆಗೆದರು.

"ತೆಗೀಬೇಡಿ. ಹಾಗೇ ಕೊಡಿ."

"ಎಲ್ಲ ಸರಿಯಾಗಿದೆಯಾ ನೋಡ್ತೀನಿ ಕಣೇ. ಅಲ್ಲಿ ಹೋದ್ಮೇಲೆ ಏನೋ ಕಮ್ಮಿ ಬಂದ್ರೆ?"

"ಇಷ್ಟು ವರ್ಷ ಇಲ್ಲೇ ಇತ್ತಲ್ಲ, ಆಗ ನೋಡ್ಲಿಲ್ವಾ?"

"ನೋಡಿದ್ದೆ. ಇನ್ನೊಂದ್ಸಲ."

ಚೌಕಟ್ಟುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಅವರ ಕೈಯಲ್ಲಿ ಅವು ಸಣ್ಣಗೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಫ್ಯಾನಿನ ಗಾಳಿಗೆ ಆದಂತೆ. ನಾನು ಫ್ಯಾನು ಹಾಕಿಬಿಟ್ಟೆ. ಜೋಡಿಸುವ ಕ್ರಮದ ಹಾಳೆಯನ್ನು ಬಿಚ್ಚಿ, ಮೊದಲು ಚಾಲಕನ ಕುರ್ಚಿ, ಆಮೇಲೆ ಇಂಜಿನ್ನು ಎಂದು ತುಟಿಯಲ್ಲೇ ಓದಿಕೊಂಡು, ಮತ್ತೆ ಮೊದಲಿನ ಮಡಿಕೆಗೇ ಮಡಿಸಿಟ್ಟರು. ನೋಡುತ್ತಾ ನೋಡುತ್ತಾ ತಿಳಿಯಿತು, ಆ ಡಬ್ಬಿಗಳೆಲ್ಲವನ್ನೂ ಅವರು ಹೀಗೆ ಕಟ್ಟಿ ಆಗಿದೆ, ಕಣ್ಣಿನಲ್ಲೇ, ಎಷ್ಟೋ ಸಲ.

ನಾನು ಹೊರುತ್ತಾ ಹೋದೆ. ಹೊತ್ತೇರುವಷ್ಟರಲ್ಲಿ ಬೆನ್ನು ಮಾತಾಡತೊಡಗಿತು. ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆಯ ಪಾಠವಿತ್ತು. ಕೈಯಲ್ಲಿದ್ದ ಬಟ್ಟೆಯ ತುಂಡಿನ ಕಸೂತಿ ಮುಗಿಯದೆ ಸಿಸ್ಟರ್ ಇನ್ನೊಂದು ತುಂಡು ಕೊಡುತ್ತಿರಲಿಲ್ಲ. ಹಿಂಬದಿಯನ್ನು ತಿರುಗಿಸಿ ದಾರದ ಗಂಟು ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಅರ್ಧ ಆದ ಕೆಲಸ ಕಂಡರೆ ಬೆರಳು ತುರಿಸುತ್ತದೆ. ಆದರೆ ಹಜಾರದಲ್ಲಿ ಡಬ್ಬಿಗಳ ಗೋಡೆ ಏಳುತ್ತಿರುವುದನ್ನು ನೋಡುತ್ತಾ ಯೋಚಿಸಿದೆ, ಮುಗಿಯಿತು ಎನ್ನುವ ಕೆಲಸ ನಾನಾದರೂ ಎಷ್ಟು ಕಂಡಿದ್ದೇನೆ? ತೊಳೆದಿಟ್ಟ ಪಾತ್ರೆ ಮತ್ತೆ ಸಿಂಕಿಗೆ ಬರುತ್ತದೆ. ಮಡಿಸಿಟ್ಟ ಬಟ್ಟೆ ಮತ್ತೆ ಬಕೆಟ್ಟಿಗೆ ಬರುತ್ತದೆ. ದೋಸೆಹಿಟ್ಟಿನ ಡಬ್ಬಿಯ ತಳ ಕಂಡ ದಿನವೇ ಅಕ್ಕಿ ನೆನೆಹಾಕಬೇಕು. ಮುಗಿಸಿದ್ದು ಎಂದು ತೋರಿಸಲು ನನ್ನ ಹತ್ತಿರ ಇರುವುದು ಆ ಕಸೂತಿಯ ತುಂಡುಗಳು ಮಾತ್ರ, ಅದೂ ಅಮ್ಮನ ಪೆಟ್ಟಿಗೆಯಲ್ಲಿ ಎಲ್ಲೋ.

ಬೀರುವಿನ ತಲೆಯ ಮೇಲಿನವನ್ನು ಇಳಿಸಲು ನನ್ನ ಟ್ರಂಕಿನ ಮೇಲೆ ಹತ್ತಬೇಕಾಯಿತು. ಅದನ್ನು ಎಳೆದುಕೊಳ್ಳುವಾಗ ಮುಚ್ಚಳ ತೆರೆದುಕೊಂಡು ಒಳಗಿನ ಬಟ್ಟೆ ಕಂಡಿತು. ಇವರಿಗೆ ಅಷ್ಟೇ ಸಾಕಾಯಿತು.

"ನನ್ನ ಡಬ್ಬಿಗೆ ಅಷ್ಟೆಲ್ಲ ಮಾತಾಡ್ತೀಯ. ಇದಕ್ಕೇನು ಹೇಳ್ತೀಯ?"

ಟ್ರಂಕಿನ ತುಂಬ ರವಿಕೆ ಕಣಗಳಿದ್ದವು. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲೆಲ್ಲ ತಾಂಬೂಲದ ಜೊತೆ ಒಂದು ಕಣ ಕೊಡುತ್ತಾರೆ. ಗೌರಿ ಹಬ್ಬ, ವರಮಹಾಲಕ್ಷ್ಮಿ, ಗೃಹಪ್ರವೇಶ, ಸೀಮಂತ. ನಮ್ಮ ಮನೆಗೆ ಬಂದವರಿಗೆ ನಾವೂ ಕೊಡುತ್ತೇವೆ. ಹಸಿರು, ಕೆಂಪು, ಅರಿಶಿನ ಬಣ್ಣದವು. ಯಾವ ಸೀರೆಗೂ ಸರಿಯಾಗಿ ಹೊಂದುವುದಿಲ್ಲ. ಕೊಟ್ಟವರ ಮನೆಗೇ ಅವರು ಕೊಟ್ಟದ್ದು ಹೋಗಿಬಿಟ್ಟರೆ ಅವಮಾನ ಎಂದು ನಾನು ಒಂದೊಂದರ ಮಡಿಕೆಯೊಳಗೂ ಕೊಟ್ಟವರು ಯಾರೆಂದು ಚೀಟಿ ಇಡುತ್ತಿದ್ದೆ. ಈಗ ಚೀಟಿಗಳೆಲ್ಲ ಉದುರಿ ಟ್ರಂಕಿನ ತಳ ಸೇರಿವೆ.

"ಅವು ನನ್ನವಲ್ಲ. ಬರುತ್ವೆ, ಹೋಗುತ್ವೆ" ಎಂದೆ.

"ಬರೋದು ಕಾಣುತ್ತೆ. ಹೋಗೋದು ಕಾಣಲ್ಲ."

"ನೀವು ಸ್ಟೂಲು ಹಿಡ್ಕೊಳಿ ಸುಮ್ನೆ."

ಟ್ರಂಕಿಗೆ ಸ್ಟೂಲು ಎಂದೆ, ಅವರು ತಿದ್ದಲಿಲ್ಲ. ಎರಡೂ ಕೈಯಲ್ಲಿ ಟ್ರಂಕನ್ನು ಭದ್ರವಾಗಿ ಹಿಡಿದುಕೊಂಡರು. ನಾನು ಮೇಲಿನಿಂದ ಒಂದೊಂದೇ ತೆಗೆದು ಮಂಚದ ಮೇಲೆ ಇಳಿಸಿದೆ.

ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿಕೊಂಡು ಒಂದು ಚಿಕ್ಕ ಡಬ್ಬಿ ಇತ್ತು. ಬೇರೆಯವುಗಳ ಮೇಲೆ ಧೂಳು ಕೂತಿತ್ತು, ಇದರ ಮೇಲೆ ಇರಲಿಲ್ಲ. ಎತ್ತಿದರೆ ಒಳಗೆ ಏನೋ ಒಂಟಿಯಾಗಿ ಉರುಳಿತು. ಇವರು ಇನ್ನೊಂದು ರಾಶಿಯನ್ನು ಹಜಾರಕ್ಕೆ ಒಯ್ದಿದ್ದರು. ನಾನು ಮುಚ್ಚಳ ತೆಗೆದೆ.

ಒಳಗೆ ಕಟ್ಟಲು ಹೊರಟ ಒಂದು ವಿಮಾನ ಇತ್ತು. ತೀರ ಸರಳವಾದದ್ದು, ಕಲಿಯುವವರಿಗೆಂದು ಮಾರುತ್ತಾರಲ್ಲ, ಅಂಥದ್ದು. ಹೊಟ್ಟೆಯ ಎರಡು ಹೋಳುಗಳು ಒಂದಕ್ಕೊಂದು ಸರಿದು, ಸರಿಯಾಗಿ ಮುಚ್ಚದ ಬಾಯಿಯ ಹಾಗೆ ಅಂಟಿಕೊಂಡಿದ್ದವು. ಒಂದು ರೆಕ್ಕೆ ಮೇಲಕ್ಕೆದ್ದು, ಇನ್ನೊಂದು ಬಿದ್ದುಹೋಗಿ ಡಬ್ಬಿಯ ಮೂಲೆಯಲ್ಲಿತ್ತು. ಅಂಟು ಹೊರಗೆಲ್ಲ ಸೋರಿ ಒಣಗಿತ್ತು, ಅದರ ಮೇಲೆ ಹೆಬ್ಬೆಟ್ಟಿನ ಗುರುತು, ಒಂದರ ಮೇಲೊಂದು ಜಾರಿದ ಹಾಗೆ. ಗೆರೆಗೆರೆಯೂ ಕಾಣುತ್ತಿತ್ತು.

ಯಾವಾಗ ಮಾಡಿದರೋ. ನಾನು ಭಜನೆಗೆ ಹೋದಾಗ ಇರಬೇಕು, ಇಲ್ಲ ಅಮ್ಮನನ್ನು ನೋಡಲು ಆಸ್ಪತ್ರೆಗೆ ಓಡಾಡುತ್ತಿದ್ದಾಗ. ನನ್ನನ್ನು ಕರೆದಿದ್ದರೆ ಹಿಡಿದುಕೊಳ್ಳುತ್ತಿದ್ದೆ. ಒಣಗುವವರೆಗೆ ಬಿಡದೆ ಹಿಡಿದುಕೊಳ್ಳುವುದು ನನಗೆ ಬರುತ್ತದೆ, ಅವರೇ ಕಲಿಸಿದ್ದು. ಕರೆಯಲಿಲ್ಲ. ಕೆಟ್ಟ ಮೇಲೆ ಕಸಕ್ಕೂ ಹಾಕದೆ ಎಲ್ಲಕ್ಕಿಂತ ಹಿಂದೆ ಇಟ್ಟರು.

ಮುಚ್ಚಳ ಹಾಕಿ ತಿರುಗಿದಾಗ ಅವರು ಬಾಗಿಲಲ್ಲಿ ನಿಂತಿದ್ದರು.

"ಅದು ಕೆಟ್ಟೋಯ್ತು" ಎಂದರು.

"ಹ್ಞೂ."

"ಅದನ್ನ ಕಳಿಸೋದು ಬೇಡ."

"ಇಲ್ಲ, ಬೇಡ."

ನಾನು ಅದನ್ನು ಟ್ರಂಕಿನಲ್ಲಿ, ರವಿಕೆ ಕಣಗಳ ಕೆಳಗೆ ಇಟ್ಟೆ. ಊಟಕ್ಕೆ ಕೂತಾಗ ಹುರುಳಿಕಾಯಿ ಹುಳಿಗೆ ಉಪ್ಪು ಕಡಿಮೆ ಎಂದೂ ಅವರು ಹೇಳಲಿಲ್ಲ. ಕಡಿಮೆಯಿತ್ತು.

ಮಂಡಿ ಮೊಹಲ್ಲಾದವರು ಬಿಳಿ ಟೋಪಿಯಲ್ಲೇ ಬಂದರು. ಗೂಡ್ಸ್ ಆಟೊವನ್ನು ತಾವೇ ಓಡಿಸಿಕೊಂಡು, ಹಿಂದಕ್ಕೆ ತೆಗೆಯುವಾಗ ನಮ್ಮ ತುಳಸಿ ಕಟ್ಟೆಗೆ ತಾಗದಂತೆ ಕತ್ತು ಹೊರಗೆ ಹಾಕಿ ನೋಡುತ್ತಾ. ಹಜಾರದೊಳಗೆ ಕಾಲಿಟ್ಟವರೇ ಡಬ್ಬಿಗಳ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟೇನಾ ಸಾರ್? ನಮ್ಮನೆಯವ್ರು ಹೇಳ್ತಿರ್ತಾರೆ, ನನಗಿಂತ ದೊಡ್ಡ ಹುಚ್ಚ ಇನ್ನೊಬ್ರಿಲ್ಲ ಅಂತ. ಈ ಫೋಟೊ ತೆಗ್ದು ತೋರಿಸ್ತೀನಿ ಇವತ್ತು."

"ನಿಮ್ಮ ಅಟ್ಟದಲ್ಲಿ ಜಾಗ ಇದೆಯೇನ್ರೀ?" ಎಂದರು ಇವರು.

"ಜಾಗ ಎಲ್ಲಿದೆ. ಪ್ಲೈವುಡ್ ಹಾಕ್ಸಿ ಇನ್ನೊಂದು ಅಟ್ಟ ಮಾಡ್ಸಿದ್ದೀನಿ, ಅಟ್ಟದ ಮೇಲೆ ಅಟ್ಟ. ಹಡಗು ಕೆಳಗೆ, ವಿಮಾನ ಮೇಲೆ. ಅಲ್ವಾ ಭಾಬಿ, ಹಂಗೇ ಇರ್ಬೇಕಲ್ಲ?"

ನಾನು ಟೀ ತಂದೆ. ಇವರಿಗೆ ಮಗ್ಗಿನಲ್ಲಿ, ಅವರಿಗೆ ಲೋಟದಲ್ಲಿ. ಅವರು ಮಗ್ಗನ್ನೂ ಲೋಟವನ್ನೂ ಒಮ್ಮೆ ನೋಡಿ, "ಭಾಬಿ, ನನಗೂ ಅಂಥದ್ರಲ್ಲೇ ಕೊಡಿ, ಲೋಟ ಸುಡುತ್ತೆ" ಎಂದರು. ಒಳಗೆ ಹೋಗಿ ಮಗ್ಗಿಗೆ ಬಗ್ಗಿಸಿ ತಂದೆ. ಬಿಸಿ ಲೋಟವನ್ನು ಅಂಗೈಯಲ್ಲಿ ಹಿಡಿದು ಕುಡಿಯುವ ಮನುಷ್ಯ ಅವರು, ನನಗೆ ಗೊತ್ತಿತ್ತು.

"ಈಗ ಯಾವ ಹಡಗು ನಡೀತಿದೆ?" ಎಂದು ಇವರು ಕೇಳಿದರು.

"ಯಾವುದೂ ಇಲ್ಲ ಸಾರ್. ಹಾಯಿಕಂಬಕ್ಕೆ ದಾರ ಕಟ್ಬೇಕಲ್ಲ, ದಾರ ಎರಡೆರಡಾಗಿ ಕಾಣುತ್ತೆ. ಕಣ್ಣಿನ ಡಾಕ್ಟ್ರು ಪೊರೆ ಅಂತಾರೆ. ನಾನು ಹೇಳ್ದೆ, ಡಾಕ್ಟ್ರೇ, ಎರಡು ಕಾಣೋದು ಒಳ್ಳೇದೇ, ಒಂದು ಕಟ್ಟಿದ್ರೆ ಎರಡು ಕಟ್ಟಿದಂಗಾಯ್ತು ಅಂತ."

ಇವರು ಆ ದಿನ ಮೊದಲ ಸಲ ನಕ್ಕರು.

ಆಮೇಲೆ ಹೇರುವ ಕೆಲಸ. ಆಟೊದ ಮೇಲೆ ಅವರು ನಿಂತರು, ಕೆಳಗಿನಿಂದ ಇವರು ಕೊಟ್ಟರು, ಹಜಾರದಿಂದ ಗೇಟಿನವರೆಗೆ ನಾನು. ಕೊಡುವಾಗಲೆಲ್ಲ ಇವರು ಮುಚ್ಚಳದ ಚಿತ್ರವನ್ನು ಒಂದು ಗಳಿಗೆ ನೋಡುತ್ತಿದ್ದರು. "ಇದು ಇರ್ಲಿ" ಎಂದು ಒಂದನ್ನು ಪಕ್ಕಕ್ಕೆ ಇಟ್ಟರು. ಇನ್ನೊಂದನ್ನು ಇಟ್ಟರು. ತುಳಸಿ ಕಟ್ಟೆಯ ಪಕ್ಕದಲ್ಲಿ ಚಿಕ್ಕದೊಂದು ರಾಶಿಯಾಯಿತು. ನಾನು ನೋಡುತ್ತಾ ನಿಂತೆ. ಮಂಚದ ಕೆಳಗೆ ಎಷ್ಟು ಹಿಡಿಯುತ್ತವೆ, ಅಮ್ಮನ ಕಮೋಡ್ ಕುರ್ಚಿ ಎಲ್ಲಿಡುವುದು ಎಂದು ಲೆಕ್ಕ ಹಾಕಿ ಸಾಕಾಯಿತು. ಬೇಡ ಎಂದು ಹೇಳುವ ತ್ರಾಣ ನನಗಿರಲಿಲ್ಲ.

ಆಟೊ ತುಂಬಿತು. ಸ್ನೇಹಿತರು ಟಾರ್ಪಾಲು ಎಳೆದು ಹಗ್ಗ ಬಿಗಿಯತೊಡಗಿದರು. "ನಿಮ್ಮವೇ ಸಾರ್, ಯಾವಾಗ ಬೇಕಾದ್ರೂ ಬನ್ನಿ. ನಾನು ಸುಮ್ನೆ ಇಟ್ಕೊಂಡಿರೋದು ಅಷ್ಟೆ."

ಇವರು ತುಳಸಿ ಕಟ್ಟೆಯ ಹತ್ತಿರದ ರಾಶಿಯನ್ನು ನೋಡುತ್ತಾ ನಿಂತಿದ್ದರು. ಆಮೇಲೆ ಬಗ್ಗಿ ಅದನ್ನೂ ಎತ್ತಿದರು. ಎದೆಗೆ ಒತ್ತಿಕೊಂಡೇ ತಂದು ಟಾರ್ಪಾಲಿನ ಸಂದಿಯಲ್ಲಿ ಇಟ್ಟರು.

"ಕಟ್ಟೋರು ಯಾರಾದ್ರೂ ಅಂಗಡಿಗೆ ಬಂದ್ರೆ" ಎಂದರು, ಹಗ್ಗದ ಗಂಟನ್ನೇ ನೋಡುತ್ತಾ, "ಕೊಟ್ಬಿಡಿ. ನನ್ನ ಕೇಳೋದೇನೂ ಬೇಡ."

ಅವರ ಸ್ನೇಹಿತರು ಹಗ್ಗ ಎಳೆಯುವುದನ್ನು ನಿಲ್ಲಿಸಿದರು. "ಆಯ್ತು ಸಾರ್" ಎಂದರು. ರಿಂಗ್ ರೋಡಿನ ಕಡೆಯಿಂದ ಯಾವುದೋ ಲಾರಿ ಗೇರು ಬದಲಾಯಿಸುವ ಸದ್ದು ಬಂತು. ಮೇಲಿನ ಬಾಡಿಗೆ ಮನೆಯಲ್ಲಿ ಕುಕ್ಕರ್ ಕೂಗಿತು. ನನಗೆ ಯಾಕೋ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡಬೇಕೆನಿಸಿತು, ಕೂತೆ.

ಗಂಟು ಬಿಗಿದು ಮುಗಿಸಿ ಅವರು ಆಟೊದ ಮುಂದಿನ ಸೀಟಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. "ಮರ್ತೇ ಹೋಗ್ತಿದ್ದೆ. ಇದು ನಿಮಗೆ. ಹಳೇ ಗಿರಾಕಿ ಒಬ್ರ ಹತ್ರ ಸಿಕ್ತು."

ಕವರಿನೊಳಗೆ ಒಂದು ಡಬ್ಬಿ ಇತ್ತು. ಡಬ್ಬಿಗಳನ್ನು ಒಯ್ಯಲು ಬಂದವರು ಡಬ್ಬಿ ತಂದಿದ್ದಾರಲ್ಲ ಎಂದು ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮುಚ್ಚಳದ ಮೇಲೆ ನೀರಿನ ಮೇಲೆ ಇಳಿಯುವ ವಿಮಾನದ ಚಿತ್ರ. ಚಕ್ರದ ಬದಲು ಎರಡು ಪುಟ್ಟ ದೋಣಿಗಳು. ಆಮೇಲೆ ನಾನು ಮೂಲೆಯನ್ನು ನೋಡಿದೆ. ಹರಿದ ಮೂಲೆಗೆ ಹಸಿರು ಲೈನಿಂಗ್ ಬಟ್ಟೆಯ ಪಟ್ಟಿಯನ್ನು ಮೈದಾ ಗೋಂದಿನಿಂದ ಅಂಟಿಸಲಾಗಿತ್ತು. ಹಳೆಯ ಪುಸ್ತಕಗಳ ಮೂಲೆಗೆ ಹಾಗೆ ಬಟ್ಟೆ ಅಂಟಿಸುವುದನ್ನು ನಾನು ಕಾನ್ವೆಂಟಿನಲ್ಲಿ ಕಲಿತದ್ದು. ಅಂಟಿಸಿದವಳು ನಾನೇ. ಬಹಳ ವರ್ಷಗಳ ಹಿಂದೆ ಅವರ ಮಗಳ ಮದುವೆಗೆ ಹೋದಾಗ, ಎಲ್ಲರೂ ಕೊಡುವ ಗೋಡೆ ಗಡಿಯಾರದ ಜೊತೆ, ಇವರು ತಮ್ಮ ರಾಶಿಯಿಂದ ಆರಿಸಿ ಅದನ್ನು ಮದುಮಗಳ ತಂದೆಯಾದ ಈ ಸ್ನೇಹಿತರ ಕೈಗೇ ಕೊಟ್ಟಿದ್ದರು. "ಇದು ನೀರಿಗೂ ಆಯ್ತು, ಆಕಾಶಕ್ಕೂ ಆಯ್ತು" ಎಂದಿದ್ದರು. ಅವರು ಕಟ್ಟಿರಲಿಲ್ಲ. ಹಾಗೇ ಇಟ್ಟುಕೊಂಡಿದ್ದರು.

ಕೊಟ್ಟವರು ಯಾರೆಂದು ಮರೆತು ತಂದರೋ, ನೆನಪಿದ್ದೇ ತಂದರೋ, ಅವರ ಮುಖ ನೋಡಿದರೆ ತಿಳಿಯಲಿಲ್ಲ. ಆಟೊದ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು. ಇವರು ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಹೆಬ್ಬೆರಳಿನಿಂದ ಹಸಿರು ಬಟ್ಟೆಯ ಮೂಲೆಯನ್ನು ಮೆಲ್ಲಗೆ ಸವರಿ, ಒಂದು ಸಲ ನನ್ನ ಕಡೆ ನೋಡಿದರು.

"ಇದು ಈಗ ಎಲ್ಲೂ ಸಿಗಲ್ಲ ಕಣ್ರೀ" ಎಂದರು ಸ್ನೇಹಿತರಿಗೆ.

"ಅದಕ್ಕೇ ತಂದೆ ಸಾರ್."

ಆಟೊ ಹೋದ ಮೇಲೆ ಕೋಣೆ ತೊಳೆದೆ. ಡಬ್ಬಿಗಳು ಕೂತಿದ್ದ ಜಾಗದಲ್ಲಿ ಮೊಸಾಯಿಕ್ ಇನ್ನೂ ಹೊಸದಾಗಿತ್ತು, ಓಣಿಯಲ್ಲಿ ಮಾತ್ರ ಸವೆದಿತ್ತು. ನೆಲದ ಮೇಲೆ ರಸ್ತೆಗಳ ನಕ್ಷೆ ಬರೆದ ಹಾಗೆ. ಎಷ್ಟು ಉಜ್ಜಿದರೂ ಎರಡು ಬಣ್ಣ ಒಂದಾಗಲಿಲ್ಲ. ಮಂಚಕ್ಕೆ ಹಾಸಿಗೆ ಹಾಕಿ, ಅಮ್ಮನಿಗೆ ಎದ್ದು ಕೂರುವಾಗ ಹಿಡಿಯಲು ಬೇಕೆಂದು ಕುರ್ಚಿಯೊಂದನ್ನು ತಲೆದೆಸೆಗೆ ಎಳೆದೆ. ಇವರು ನೀರಿನ ವಿಮಾನದ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, "ಇದೊಂದು ಇಲ್ಲೇ ಇರ್ಲಾ? ನಿಮ್ಮಮ್ಮ ಏನೂ ಅನ್ಕೊಳಲ್ಲ ಅಲ್ವಾ?" ಎಂದು ಕೇಳಿದರು. ಅನ್ನಲಾರರು ಎಂದೆ. ಮುಚ್ಚಳ ತೆಗೆದು ನೋಡಲಿಲ್ಲ ಅವರು. ಚಿತ್ರ ಮಂಚದ ಕಡೆ ಕಾಣುವಂತೆ ತಿರುಗಿಸಿಟ್ಟು ಹೊರಗೆ ಹೋದರು.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಬಂದಳು. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗಿನಿಂದಲೂ ಇರುವ ಮನೆ ಅವರದು. ಸುತ್ತ ಸೈಟುಗಳೆದ್ದರೂ ಅಂಗಳದಲ್ಲಿ ಒಂದು ಹಸು ಉಳಿದಿದೆ. ಅಮ್ಮ ಬರುತ್ತಾರೆಂದು ಕೇಳಿ ಒಂದು ಚೊಂಬು ಹಾಲು ತಂದಿದ್ದಳು. ಶುಕ್ರವಾರ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೇ. ಕುಂಕುಮ ಕೊಟ್ಟು, ಬೆಳಗಿನ ಕಾಕಡದಲ್ಲಿ ಒಂದು ತುಂಡು ಮುಡಿಸಿ, ಟ್ರಂಕಿನಿಂದ ಕೈಗೆ ಸಿಕ್ಕ ಕೆಂಪು ಕಣ ತಂದೆ. ಯಾರು ಕೊಟ್ಟಿದ್ದೆಂದು ನೋಡುವ ತಾಳ್ಮೆ ಆವತ್ತು ನನಗಿರಲಿಲ್ಲ. ಅವಳೇ ಕೊಟ್ಟದ್ದಾಗಿದ್ದರೂ ಇರಬಹುದು.

ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಮಡಿಕೆ ಬಿಚ್ಚದೆ ಸೆರಗಿನಲ್ಲಿ ಕಟ್ಟಿಕೊಂಡಳು. ಇವರು ಹಜಾರದ ಬೆತ್ತದ ಕುರ್ಚಿಯಲ್ಲಿ ಕೂತು, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದರು. ಕೈ ಸುಮ್ಮನಿತ್ತು.

"ಈ ಸಲವಾದ್ರೂ ಹೊಲಿಸ್ಕೊ ಕಣಮ್ಮ" ಎಂದೆ. "ಎಲ್ಲ ಗಂಟು ಕಟ್ಟಿ ಇಡ್ತೀಯ."

ಅವಳು ಚೊಂಬಿನಲ್ಲಿ ಉಳಿದ ಹಾಲನ್ನು ನಮ್ಮ ಪಾತ್ರೆಗೆ ಬಗ್ಗಿಸುತ್ತಾ, ಕೊನೆಯ ತೊಟ್ಟು ಬೀಳಲಿ ಎಂದು ಅಂಚನ್ನು ತಟ್ಟುತ್ತಾ ಹೇಳಿದಳು: "ಒಲ್ಸುದ್ರೆ ನನ್ನ ಅಳತೆಗೆ ಆಗೋಯ್ತದಲ್ಲಕ್ಕ. ಅಂಗೇ ಇರ್ಲಿ ಬುಡಿ, ಯಾರ್ಗಾರ ಕೊಡಕ್ಕಾಯ್ತದೆ."